ಭಾನುವಾರದ ಕೆಂಪು ಗೀಟು

ಆಗ ನನಗೆ ಮೂವತ್ತನಾಲ್ಕು. ಈಗ ಎಂಬತ್ತಮೂರು. ಹತ್ತಿರ ಹತ್ತಿರ ಐವತ್ತು ವರ್ಷದ ಹಿಂದಿನ ಮಾತು ಇದು. ಹಲ್ಲು ಹೋದವು, ಕಣ್ಣಿನ ಪೊರೆ ತೆಗೆಸಿದ್ದಾಯಿತು, ಎಷ್ಟೋ ಜನರ ಮುಖ ಮರೆತುಹೋಯಿತು. ಆ ವರ್ಷದ ಸಿಟ್ಟು ಮಾತ್ರ ಹಾಗೇ ಇದೆ. ಬಿಟ್ಟುಬಿಡು ಅಂತ ಮಗಳು ಹೇಳುತ್ತಾಳೆ. ಬಿಟ್ಟು ಹೋಗುವಂಥದ್ದಾಗಿದ್ದರೆ ಇಷ್ಟರಲ್ಲಿ ತಾನೇ ಹೋಗಿರುತ್ತಿತ್ತು.

ನಾನು ಹುಟ್ಟಿದ್ದು ಹಿರಿಯೂರಿನ ಕಡೆ, ಕೊಟ್ಟಿದ್ದು ಹೊಳಲ್ಕೆರೆ ತಾಲ್ಲೂಕಿಗೆ. ಗಂಡ ತೀರಿಕೊಂಡ ಮೇಲೆ ತಾಳ್ಯದ ಕಡೆಯ ಒಂದು ಊರಿನ ಮಿಡ್ಲ್ ಸ್ಕೂಲಿನಲ್ಲಿ ಆಯಾ ಕೆಲಸ ಸಿಕ್ಕಿತು. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಕಸ ಗುಡಿಸುವುದು, ಬಾವಿಯಿಂದ ನೀರು ತರುವುದು, ಬೆಲ್ಲು ಹೊಡೆಯುವುದು, ಮಧ್ಯಾಹ್ನ ಉಪ್ಪಿಟ್ಟು ಬೇಯಿಸುವುದು, ಬಿದ್ದು ಮೊಣಕಾಲು ಕಿತ್ತುಕೊಂಡವರಿಗೆ ಟಿಂಚರ್ ಹಚ್ಚುವುದು, ಇಷ್ಟು ನನ್ನ ಕೆಲಸ. ಓದಿದ್ದು ಎರಡನೇ ಕ್ಲಾಸು. ಅಂಕಿ ಬರುತ್ತಿತ್ತು, ದಪ್ಪಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದೆ. ಈಗಲೂ ಅಷ್ಟೇ. ಇದನ್ನು ಬರೆಯಲು ಎಷ್ಟು ದಿನ ಹಿಡಿಯಿತು ಅಂತ ಕೇಳಬೇಡಿ.

ಆರನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಊರಿನಿಂದ ಎರಡು ಮೈಲಿ ಆಚೆ ಕುರಿ ಸಾಕುವವರ ಹಟ್ಟಿ, ಸುತ್ತ ಜಾಲಿ ಮುಳ್ಳಿನ ಬೇಲಿ. ಅಲ್ಲಿಂದ ನಡೆದು ಬರುತ್ತಿದ್ದಳು. ಆ ಹಟ್ಟಿಯಿಂದ ಆರನೇ ಕ್ಲಾಸಿಗೆ ಬಂದ ಮೊದಲನೇ ಹೆಣ್ಣು. ಅಪ್ಪ ಕುರಿ ಹೊಡೆದುಕೊಂಡು ವರ್ಷದಲ್ಲಿ ಅರ್ಧ ಭಾಗ ಮೇವು ಇದ್ದ ಕಡೆ ಹೋಗಿರುತ್ತಿದ್ದ. ಮನೆಯಲ್ಲಿ ನಡೆಯುತ್ತಿದ್ದುದು ಅಪ್ಪನ ತಾಯಿಯ ಮಾತು. ಆ ಅಜ್ಜಿಯ ಮುಂದೆ ಸೊಸೆ ಬಾಯಿ ಬಿಟ್ಟಿದ್ದನ್ನು ನಾನು ಕಂಡಿಲ್ಲ.

ಹುಡುಗಿಗೆ ಮೂರ್ಛೆ ರೋಗ. ನಿಂತಲ್ಲೇ ಮರದ ತುಂಡಿನ ಹಾಗೆ ಬೀಳುತ್ತಿದ್ದಳು, ಕೈಕಾಲು ಒದ್ದಾಡುತ್ತಿದ್ದವು, ಬಾಯಲ್ಲಿ ನೊರೆ. ಆಗ ನಮ್ಮ ಹೆಡ್‌ಮೇಷ್ಟ್ರು ಓಡಿಬಂದು ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದು ಅವಳ ಮುಷ್ಟಿಗೆ ತುರುಕುತ್ತಿದ್ದರು. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆ ಅಂತ ಎಲ್ಲರ ನಂಬಿಕೆ. ನಾನೂ ನಂಬಿದ್ದೆ. ನಾನು ಕುಡುಗೋಲಿನ ಕಬ್ಬಿಣದ ಹಿಡಿ ಹಿಡಿಸಿದ್ದೂ ಉಂಟು. ಎರಡು ನಿಮಿಷಕ್ಕೆ ತಾನಾಗಿ ನಿಲ್ಲುವುದು ನಿಲ್ಲುತ್ತಿತ್ತು, ಹೆಸರು ಬೀಗದ ಕೈಗೆ ಬರುತ್ತಿತ್ತು.

ಆ ವರ್ಷ ಸ್ಕೂಲು ಶುರುವಾದ ತಿಂಗಳಿಗೆ ಆಸ್ಪತ್ರೆ ಜೀಪು ಬಂತು. ಡಾಕ್ಟರು ಮಕ್ಕಳ ಹಲ್ಲು, ಉಗುರು, ಕಣ್ಣು ನೋಡಿದರು. ಈ ಹುಡುಗಿಯ ವಿಷಯ ನಾನೇ ಹೇಳಿದೆ. ಅವಳನ್ನು ಕೂರಿಸಿಕೊಂಡು ಸುಮಾರು ಹೊತ್ತು ಮಾತಾಡಿಸಿದರು. ಇದು ಗಾಳಿಯಲ್ಲ, ದೆವ್ವವಲ್ಲ, ಮಿದುಳಿನದು, ದಿನಕ್ಕೆ ಎರಡು ಮಾತ್ರೆಯಂತೆ ವರ್ಷಗಟ್ಟಲೆ ನುಂಗಬೇಕು, ನಡುವೆ ಒಮ್ಮೆಲೇ ನಿಲ್ಲಿಸಿದರೆ ಒಂದರ ಹಿಂದೆ ಒಂದು ಮೂರ್ಛೆ ಬಂದು ಜೀವವೇ ಹೋದೀತು ಅಂದರು. ಅಂದು, ಜೀಪು ಹತ್ತಿ ಹೋದರು. ಉಳಿದದ್ದು ನರ್ಸಮ್ಮನ ಪಾಲಿಗೆ. ತಿಂಗಳಿಗೊಂದು ಸಲ ಬಸ್ಸಿನಲ್ಲಿ ಬಂದು ನಮ್ಮ ಸ್ಕೂಲಿನ ಮಕ್ಕಳನ್ನು ನೋಡುತ್ತಿದ್ದಾಕೆ ಆಕೆ.

ನಾನೂ ನರ್ಸಮ್ಮನೂ ಹಟ್ಟಿಗೆ ನಡೆದು ಹೋದೆವು. ಅಜ್ಜಿ ಬೇಲಿಯ ಬಾಗಿಲಲ್ಲಿ ಒಂದು ಕುರಿಯನ್ನು ತೊಡೆಗಳ ನಡುವೆ ಇರುಕಿಕೊಂಡು, ಅದರ ಬಾಯಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಹೊಯ್ಯುತ್ತಿದ್ದಳು. ಹೊಳಲ್ಕೆರೆಯ ದನದ ಆಸ್ಪತ್ರೆಯಿಂದ ತಂದ ಔಷಧಿ. ನರ್ಸಮ್ಮ ಮಾತ್ರೆಯ ವಿಷಯ ಎತ್ತಿದಳು. ಆಗುವುದಿಲ್ಲ ಅಂದಳು ಅಜ್ಜಿ. ಹುಡುಗಿಗೆ ಮೊದಲನೇ ಸಲ ಬಂದಾಗಲೇ ಹಟ್ಟಿಯ ಸಾಮಿಯ ಮುಂದೆ ಹರಕೆ ಹೊತ್ತಿದ್ದರಂತೆ, ಸಾಮಿಯ ತೀರ್ಥ ಬಿಟ್ಟು ಬೇರೆ ಮದ್ದು ಬೇಲಿಯ ಒಳಗೆ ಈ ಹುಡುಗಿಗೆ ಕೊಡುವುದಿಲ್ಲ ಅಂತ.

"ಮತ್ತೆ ಇದೇನಜ್ಜಿ, ಕುರಿಗೆ ಇಂಗ್ಲೀಷ್ ಔಷಧಿ ಹಾಕ್ತಾ ಇದೀಯ?" ಅಂದಳು ನರ್ಸಮ್ಮ.

"ಕುರಿ ಹರಕೆ ಹೊತ್ತಿಲ್ಲ ಕಣವ್ವ" ಅಂದಳು ಅಜ್ಜಿ, ಕೈ ನಿಲ್ಲಿಸದೆ.

ಅರ್ಧ ಗಂಟೆ ಮಾತಾಯಿತು. ಕೊನೆಗೆ ಅಜ್ಜಿಯೇ ಒಂದು ದಾರಿ ಬಿಟ್ಟಳು. ಸ್ಕೂಲು ಬೇಲಿಯಿಂದ ಆಚೆ ಇದೆ, ಅಲ್ಲಿ ಹುಡುಗಿ ಏನು ನುಂಗುತ್ತಾಳೆ ಅಂತ ತಾನು ಬಂದು ನೋಡುವುದಿಲ್ಲ, ನೋಡದ್ದು ತನಗೆ ಗೊತ್ತಿಲ್ಲ ಅಂದಳು. ನರ್ಸಮ್ಮನಿಗೆ ಅಷ್ಟೇ ಸಾಕಾಯಿತು. ದಾರಿಯುದ್ದಕ್ಕೂ ನಗುತ್ತಾ ಬಂದಳು. ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಒಂದು, ಸಂಜೆ ಬಿಡುವ ಬೆಲ್ಲಿಗೆ ಒಂದು, ಎರಡೂ ಸ್ಕೂಲಿನಲ್ಲೇ. ಮಾತ್ರೆಯ ಸೀಸೆಯನ್ನು ಹೆಡ್‌ಮೇಷ್ಟ್ರ ಕೈಗೆ ಕೊಟ್ಟಳು. ನನಗೆ ಎರಡು ಮಾತು ಕಲಿಸಿದಳು. ನುಂಗಿಸಿದ ಮೇಲೆ ಬಾಯಿ ತೆರೆಸಿ ನಾಲಿಗೆ ಎತ್ತಿಸಿ ನೋಡಬೇಕು. ಮೂರ್ಛೆ ಬಂದಾಗ ಬೀಗದ ಕೈ, ಚಪ್ಪಲಿ, ಈರುಳ್ಳಿ ಏನೂ ಬೇಡ, ಮಗ್ಗುಲಿಗೆ ಹೊರಳಿಸಿ ತಲೆಯ ಕೆಳಗೆ ಮೆತ್ತನೆಯದು ಇಟ್ಟರೆ ಸಾಕು.

ಡಾಕ್ಟರು ಮಾತಾಡಿದರು, ನರ್ಸಮ್ಮ ಮಾತಾಡಿದಳು, ಅಜ್ಜಿ ಮಾತಾಡಿದಳು, ಹೆಡ್‌ಮೇಷ್ಟ್ರು ಮಾತಾಡಿದರು. ಭಾನುವಾರದ ಮಾತನ್ನು ಯಾರೂ ಆಡಲಿಲ್ಲ.

ಹೆಡ್‌ಮೇಷ್ಟ್ರು ಅಚ್ಚುಕಟ್ಟಿನ ಮನುಷ್ಯ. ಪಂಚೆಯ ಅಂಚಿಗೆ ಮಡಿಕೆ ಬೀಳುತ್ತಿರಲಿಲ್ಲ, ಹಾಜರಿ ಪುಸ್ತಕದಲ್ಲಿ ಒಂದು ಚಿತ್ತು ಇರುತ್ತಿರಲಿಲ್ಲ. ಇನ್‌ಸ್ಪೆಕ್ಟರು ಒಂದು ಸಲ ಆ ಪುಸ್ತಕ ಎತ್ತಿ ಬೇರೆ ಮೇಷ್ಟ್ರಿಗೆಲ್ಲ ತೋರಿಸಿದ್ದರಂತೆ, ಅದನ್ನು ನನ್ನಂಥವಳಿಗೂ ಹತ್ತು ಸಲ ಹೇಳಿದ್ದರು. ಮಾತ್ರೆಗೂ ಒಂದು ದೊಡ್ಡ ಹಾಳೆಯಲ್ಲಿ ಹಾಜರಿಯ ಥರವೇ ಮನೆಗಳನ್ನು ಹಾಕಿದರು. ಒಂದೊಂದು ಸಾಲು ಒಂದೊಂದು ವಾರ, ಭಾನುವಾರದಿಂದ ಶನಿವಾರದವರೆಗೆ. ದಿನಕ್ಕೆ ಎರಡು ಮನೆ, ಬೆಳಗಿನದೊಂದು, ಸಂಜೆಯದೊಂದು. ಶನಿವಾರ ಬೆಳಗಿನ ಸ್ಕೂಲು ಮಾತ್ರ, ಹತ್ತೂವರೆಗೆಲ್ಲ ಬಿಡುತ್ತಿತ್ತು, ಅದಕ್ಕೆ ಶನಿವಾರದ ಎರಡನೇ ಮನೆಯ ಮೇಲೂ ಭಾನುವಾರದ ಎರಡು ಮನೆಯ ಮೇಲೂ ರೂಲುದೊಣ್ಣೆ ಇಟ್ಟು, ಮೇಲಿನಿಂದ ಕೆಳಗಿನವರೆಗೆ ಕೆಂಪು ಶಾಯಿಯಲ್ಲಿ ಗೀಟು ಎಳೆದರು. ಭಾನುವಾರದ ಗೀಟಿನ ಪಕ್ಕದಲ್ಲಿ 'ಭಾ ನು ವಾ ರ' ಅಂತ ಒಂದರ ಕೆಳಗೊಂದು ಮುತ್ತಿನಂಥ ಅಕ್ಷರ. ವರ್ಷಕ್ಕಾಗುವಷ್ಟು ಹಾಳೆಗೆ ಒಂದೇ ದಿನ ಗೀಟು ಹೊಡೆದರು. ನಾನು ಪಕ್ಕದಲ್ಲಿ ನಿಂತು ಶಾಯಿ ಕುಡಿಕೆ ಹಿಡಿದಿದ್ದೆ. ಎಷ್ಟು ಚೆನ್ನಾಗಿದೆ ಅಂತಲೂ ಅಂದೆ.

ಸೀಸೆ ಬೀರುವಿನಲ್ಲಿ, ಅದರ ಬೀಗದ ಕೈ ಅವರ ಜೇಬಿನ ಆ ಗೊಂಚಲಿನಲ್ಲಿ. ಹೊತ್ತಿಗೆ ಸರಿಯಾಗಿ ಬೀರು ತೆಗೆದು ಒಂದೇ ಒಂದು ಮಾತ್ರೆಯನ್ನು ನನ್ನ ಅಂಗೈಗೆ ಹಾಕುತ್ತಿದ್ದರು. ನಾನು ಹುಡುಗಿಯನ್ನು ಜಗಲಿಗೆ ಕರೆದು ನೀರು ಕೊಟ್ಟು ನುಂಗಿಸುತ್ತಿದ್ದೆ. ಬಾಯಿ ತೆರಿ, ನಾಲಿಗೆ ಎತ್ತು, ಹೋಗು. ಆಮೇಲೆ ಆ ಮನೆಯಲ್ಲಿ ಪೆನ್ಸಿಲಿನಿಂದ ಒಂದು ಗೀಟು. ಮೂರ್ಛೆ ಬಂದ ದಿನ ಒಂದು ಸೊನ್ನೆ ಹಾಕು ಅಂತ ನರ್ಸಮ್ಮ ಹೇಳಿದ್ದಳು, ಅದನ್ನೂ ಹಾಕುತ್ತಿದ್ದೆ. ಮೊದಮೊದಲು ಹುಡುಗಿ ಮಾತ್ರೆಯನ್ನು ದವಡೆಗೆ ಒತ್ತಿಟ್ಟುಕೊಂಡು ಹಿತ್ತಲಲ್ಲಿ ಉಗಿಯುತ್ತಿದ್ದಳು. ಎರಡು ಸಲ ಸಿಕ್ಕಿಬಿದ್ದಳು, ಎರಡು ಸಲವೂ ಬೆನ್ನಿಗೆ ಕೊಟ್ಟೆ. ಆಮೇಲೆ ಉಗಿಯಲಿಲ್ಲ. ಮಾತ್ರೆಯ ಮಂಪರಿಗೆ ಮಧ್ಯಾಹ್ನದ ಪಾಠದಲ್ಲಿ ತೂಕಡಿಸಿದರೆ ಹೆಡ್‌ಮೇಷ್ಟ್ರೇ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಬೆಳಗ್ಗೆ ಮಾತ್ರೆ ಕೊಟ್ಟವರು ಅವರೇ, ಮಧ್ಯಾಹ್ನ ನಿದ್ದೆ ಮಾಡಿದಳು ಅಂತ ನಿಲ್ಲಿಸಿದವರೂ ಅವರೇ. ಬೀಳುವ ರೋಗದ ಹುಡುಗಿಯನ್ನು ಬೆಂಚಿನ ಮೇಲೆ ನಿಲ್ಲಿಸುವ ಬುದ್ಧಿಗೆ ಏನು ಹೇಳುವುದು. ಬೋರ್ಡು ಒರೆಸುವ ನೆಪದಲ್ಲಿ ಹೋಗಿ ಬೆಂಚಿನ ಪಕ್ಕದಲ್ಲಿ ನಿಲ್ಲುತ್ತಿದ್ದೆ, ಬಿದ್ದರೆ ಹಿಡಿಯೋಣ ಅಂತ.

ಆದರೂ ಮಾತ್ರೆ ಕೆಲಸ ಮಾಡಿತು. ವಾರದಲ್ಲಿ ಮೂರು ಸಲ ನಾಲ್ಕು ಸಲ ಯಾವಾಗೆಂದರೆ ಆವಾಗ ಬರುತ್ತಿದ್ದ ಮೂರ್ಛೆ ನಿಂತಿತು. ಮಂಗಳವಾರ ಇಲ್ಲ, ಬುಧವಾರ ಇಲ್ಲ, ಶುಕ್ರವಾರ ಇಲ್ಲ. ಸೋಮವಾರ ಮಾತ್ರ ಬರುತ್ತಿತ್ತು. ಎಲ್ಲ ಸೋಮವಾರವೂ ಅಲ್ಲದಿದ್ದರೂ ಬಂದರೆ ಸೋಮವಾರವೇ. ಬೆಳಗಿನ ಜಾವ ಹಟ್ಟಿಯಲ್ಲೋ, ಇಲ್ಲ ಸ್ಕೂಲಿಗೆ ಬರುವ ದಾರಿಯಲ್ಲೋ.

ಇದನ್ನು ಮೊದಲು ಕಂಡುಹಿಡಿದವಳು ಆ ಹುಡುಗಿಯೇ. ಅವಳಿಗೆ ಹನ್ನೊಂದೋ ಹನ್ನೆರಡೋ. ಒಂದು ಶನಿವಾರ ಬೆಳಗಿನ ಮಾತ್ರೆ ನುಂಗಿ, ನಾಲಿಗೆ ಎತ್ತಿ ತೋರಿಸಿ, ಹೋಗದೆ ಅಲ್ಲೇ ನಿಂತಳು.

"ಆಯಮ್ಮ, ನಾಳೇದೂ ಕೊಡು. ಲಂಗದ ತುದಿಗೆ ಕಟ್ಕಂಡು ಹೋಗ್ತೀನಿ. ಬೇಲಿ ಒಳಗೆ ಒಯ್ಯಲ್ಲ, ಕಲ್ಲಿನ ಸಂದಿಯಾಗೆ ಇಟ್ಟಿರ್ತೀನಿ. ಭಾನುವಾರ ನುಂಗಲಿಲ್ಲ ಅಂದ್ರೆ ಸೋಮವಾರ ಮೈಯೆಲ್ಲ ಒಂಥರಾ ಆಗ್ತೈತೆ."

ನಾನೇನು ಅಂದೆ ಗೊತ್ತೇ? ಸರ್ಕಾರದ ಮಾತ್ರೆಯೇನು ಪೆಪ್ಪರಮಿಂಟ್ ಅಂದ್ಕಂಡೆಯಾ, ನಡಿ ಆಚೆ, ಅಂದೆ. ಅವಳು ಹೋದಳು. ಎರಡನೇ ಸಲ ಕೇಳಲಿಲ್ಲ. ನನ್ನ ಸಿಟ್ಟಿನ ಲೆಕ್ಕದಲ್ಲಿ ಹೆಡ್‌ಮೇಷ್ಟ್ರು ಎರಡನೆಯವರು. ಮೊದಲನೆಯವಳು ನಾನು. ಅವತ್ತು ಕಿವಿಗೊಟ್ಟಿದ್ದರೆ ಮುಂದಿನದೆಲ್ಲ ಇರುತ್ತಿರಲಿಲ್ಲ.

ಅವಳು ಏನಾದಳೋ ಅಂತ ಓದುವವರನ್ನು ಕಾಯಿಸುವುದು ನನಗೆ ಹಿಡಿಸುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಅವಳು ಸಾಯಲಿಲ್ಲ. ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಒಂದು ಸಲ ಸಿಕ್ಕಿದ್ದಳು, ನೆರೆತ ಕೂದಲು, ಸೊಂಟದ ಮೇಲೆ ಮೊಮ್ಮಗು. ಆದರೆ ಆ ವರ್ಷ ಅವಳ ಬದುಕು ಯಾವ ಕಡೆಗಾದರೂ ಹೊರಳಬಹುದಾಗಿತ್ತು.

ಅದೇ ದಿನಗಳಲ್ಲಿ ಹಿಟ್ಟಿನ ಮಿಲ್ಲಿನಲ್ಲಿ ಅಜ್ಜಿ ಸಿಕ್ಕಳು. ಅವಳ ಮುಖ ಅರಳಿತ್ತು. ಇಷ್ಟು ವರ್ಷ ಗಾಳಿ ಅಂದುಕೊಂಡಿದ್ದೆವು, ಗಾಳಿಯಾದರೆ ಹೊತ್ತು ಗೊತ್ತು ಇಲ್ಲದೆ ಬರುತ್ತದೆ, ಈಗ ನೋಡು, ಸಾಮಿಯ ವಾರ ನೋಡಿಕೊಂಡು ಬರುತ್ತಿದೆ, ಇದು ಸಾಮಿಯೇ, ಅಂದಳು. ಸೋಮವಾರ ಅವರ ಹಟ್ಟಿಯ ಸಾಮಿಯ ವಾರ. ಹಟ್ಟಿಯ ಹಿರಿಯರೆಲ್ಲ ಮಾತಾಡಿಕೊಂಡಿದ್ದರಂತೆ. ದಸರಾಕ್ಕೆ ಮುಂಚಿನ ಮಾರ್ನಾಮಿ ಅಮಾಸೆಗೆ ಹುಡುಗಿಯನ್ನು ಸಾಮಿಯ ಮುಂದೆ ಕೂರಿಸುವುದು. ಆಮೇಲೆ ಅವಳು ಸಾಮಿ ಬರುವ ಹೆಣ್ಣು. ಸ್ಕೂಲಿಲ್ಲ, ಮದುವೆಯಿಲ್ಲ, ಮಾತ್ರೆಯಂತೂ ಇಲ್ಲವೇ ಇಲ್ಲ. ಬಂದ ಜನಕ್ಕೆಲ್ಲ ಬಿದ್ದು ಒದ್ದಾಡಿ ತೋರಿಸಿ ಹೇಳಿಕೆ ಹೇಳುವುದು. ಡಾಕ್ಟರು ಹೇಳಿದ್ದು ನೆನಪಾಯಿತು. ಒಮ್ಮೆಲೇ ನಿಲ್ಲಿಸಿದರೆ ಜೀವ ಹೋಗುತ್ತದೆ. ಆಗಲೂ ನನಗೆ ಸೋಮವಾರದ ಗುಟ್ಟು ಗೊತ್ತಾಗಿರಲಿಲ್ಲ. ಒಳಗೊಳಗೆ, ಇದ್ದರೂ ಇರಬಹುದು ಅನ್ನಿಸಿತ್ತು ಕೂಡ. ಸುಳ್ಳು ಯಾಕೆ ಬರೆಯಲಿ.

ಗೊತ್ತಾದದ್ದು ಗಣೇಶನ ಹಬ್ಬದ ವಾರ. ಮಂಗಳವಾರ ಗೌರಿ, ಬುಧವಾರ ಗಣೇಶ, ಎರಡು ದಿನ ರಜ. ಗುರುವಾರ ಹುಡುಗಿ ಬಂದಳು, ಪ್ರಾರ್ಥನೆಗೆ ಮೊದಲೇ ಜಗಲಿಯ ಮೇಲೆ ಬಿದ್ದಳು. ಹೆಡ್‌ಮೇಷ್ಟ್ರು ಬೀಗದ ಕೈ ತಂದು ಮುಷ್ಟಿಗೆ ತುರುಕಿದರು. ನಾನು ಮಗ್ಗುಲಿಗೆ ಹೊರಳಿಸಿದೆ. ಎಚ್ಚರವಾದ ಮೇಲೆ ಹುಡುಗಿ ಅಜ್ಜಿಗೆ ಹೇಳಬೇಡ ಅಂತ ಕೈ ಹಿಡಿದುಕೊಂಡಳು. ಬಿದ್ದಾಗಲೆಲ್ಲ ತಣ್ಣೀರು ಸುರಿದು ಬೇವಿನ ಸೊಪ್ಪಿನಲ್ಲಿ ಬಡಿಯುತ್ತಿದ್ದರಂತೆ.

ಜಗಲಿ ತೊಳೆದು, ಸೊನ್ನೆ ಹಾಕೋಣ ಅಂತ ಹಾಳೆ ತೆಗೆದೆ. ಗುರುವಾರದ ಮನೆಯಲ್ಲಿ ಸೊನ್ನೆ ಹಾಕಿ ಒಂದು ಗಳಿಗೆ ನೋಡುತ್ತಾ ನಿಂತೆ. ನನಗೆ ಓದು ಬರದಿದ್ದದ್ದೇ ಒಳ್ಳೆಯದಾಯಿತೋ ಏನೋ. ಓದು ಬಂದವರು ಅಕ್ಷರ ನೋಡುತ್ತಾರೆ, ನಾನು ಗೀಟು ನೋಡಿದೆ. ಹಿಂದಿನ ಸೊನ್ನೆಗಳೆಲ್ಲ ಒಂದರ ಕೆಳಗೆ ಒಂದು ಭಾನುವಾರದ ಕೆಂಪು ಗೀಟಿಗೆ ಅಂಟಿಕೊಂಡಂತೆ ಕೂತಿದ್ದವು. ಇವತ್ತಿನ ಸೊನ್ನೆಯೂ ಕೆಂಪು ಗೀಟಿಗೇ ಅಂಟಿತ್ತು, ಹಬ್ಬದ ರಜಕ್ಕೆ ಎಳೆದ ಗೀಟಿಗೆ. ಸೋಮವಾರಕ್ಕೂ ಇದಕ್ಕೂ ಏನೂ ಇಲ್ಲ. ಎಲ್ಲಿ ಕೆಂಪೋ ಅದರ ಮಗ್ಗುಲಲ್ಲಿ ಸೊನ್ನೆ. ಕೊಟ್ಟ ದಿನ ಇಲ್ಲ, ಕೊಡದ ದಿನ ಕಳೆದ ಮೇಲೆ ಇದೆ. ಲಂಗದ ತುದಿಗೆ ಕಟ್ಟಿಕೊಂಡು ಹೋಗುತ್ತೇನೆ ಅಂದಿದ್ದ ಮಾತು ಆಗ ಕೆನ್ನೆಗೆ ಹೊಡೆದ ಹಾಗೆ ನೆನಪಾಯಿತು.

ಹಾಳೆ ಹಿಡಿದು ಹೆಡ್‌ಮೇಷ್ಟ್ರ ಹತ್ತಿರ ಹೋದೆ. ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. ಹೌದಲ್ಲ, ಅಂದರು. ಹಾಗಾದರೆ ಶನಿವಾರ ಮೂರು ಮಾತ್ರೆ ನನ್ನ ಕೈಗೆ ಕೊಡಿ, ನಾನು ನಡೆದು ಹೋಗಿ ಬೇಲಿಯ ಆಚೆ ನಿಂತು ನುಂಗಿಸಿ ಬರುತ್ತೇನೆ ಅಂದೆ.

"ನೋಡಮ್ಮ, ರಜ ದಿನದ ಮಗು ಶಾಲೆ ಮಗು ಅಲ್ಲ. ಅವತ್ತು ಅದು ಅವರ ಮನೆ ಜವಾಬ್ದಾರಿ. ಸರ್ಕಾರದ ಔಷಧಿ ಆಯಾ ಕೈಗೆ ಕೊಟ್ಟು ನಾಳೆ ಏನಾದ್ರೂ ಆದ್ರೆ ನನ್ನ ಕೊರಳಿಗೆ ಬರುತ್ತೆ."

"ದಿನಾ ನನ್ನ ಕೈಗೇ ಕೊಡ್ತೀರಲ್ಲ ಸಾರ್."

"ಅದು ನನ್ನ ಕಣ್ಮುಂದೆ."

ನರ್ಸಮ್ಮ ಬರೆದುಕೊಟ್ಟರೆ ನೋಡೋಣ ಅಂದರು. ನರ್ಸಮ್ಮ ಎರಡು ತಿಂಗಳಿಂದ ಬಂದಿರಲಿಲ್ಲ. ರಜ ಹಾಕಿ ಹೊಳಲ್ಕೆರೆಗೆ ಹೋಗಿ ಕೇಳಿದೆ. ಫ್ಯಾಮಿಲಿ ಪ್ಲಾನಿಂಗ್ ಆಪರೇಷನ್ ಕ್ಯಾಂಪು, ಊರೂರು ಸುತ್ತುತ್ತಿದ್ದಾಳೆ, ಚಿತ್ರದುರ್ಗದಲ್ಲಿ ಇದ್ದರೂ ಇರಬಹುದು ಅಂದರು. ಚಿತ್ರದುರ್ಗಕ್ಕೂ ಹೋದೆ. ಕೋಟೆಯ ಕೆಳಗಿನ ಆ ಊರಿನಲ್ಲಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಳಿಸಿದರು. ಕೊನೆಗೆ ಒಬ್ಬ ಗುಮಾಸ್ತೆ, ನಿಮ್ಮ ಹೆಡ್‌ಮೇಷ್ಟ್ರಿಂದ ಒಂದು ಕಾಗದ ತಗೊಂಡು ಬಾ ಅಂದ. ಹೆಡ್‌ಮೇಷ್ಟ್ರಿಗೆ ನರ್ಸಮ್ಮನ ಕಾಗದ ಬೇಕು, ನರ್ಸಮ್ಮನ ಕಚೇರಿಗೆ ಹೆಡ್‌ಮೇಷ್ಟ್ರ ಕಾಗದ ಬೇಕು. ಬಸ್ಸಿನಲ್ಲಿ ಕೂತು ಹಲ್ಲು ಕಡಿದುಕೊಂಡು ಬಂದೆ. ಆಗ ಹಲ್ಲಿದ್ದವು.

ಆಮೇಲಿನ ಎರಡು ಶನಿವಾರವೂ ಕೇಳಿದೆ. ಎರಡು ಸಲವೂ ಅದೇ ಮಾತು. ಎರಡು ಸೋಮವಾರವೂ ಬಂತು. ಅಷ್ಟರಲ್ಲಿ ಅದೇ ಹಾಳೆಯಲ್ಲಿ ದಸರಾ ರಜಕ್ಕೂ ಗೀಟು ಬಿದ್ದಿತ್ತು. ಮೂರು ವಾರದ ಮನೆಗಳ ಮೇಲೆ ಮೂಲೆಯಿಂದ ಮೂಲೆಗೆ ಒಂದೇ ಉದ್ದನೆಯ ಕೆಂಪು ಗೀಟು. ಒಂದು ಭಾನುವಾರಕ್ಕೆ ಒಂದು ಸೊನ್ನೆಯಾದರೆ ಮೂರು ವಾರಕ್ಕೆ ಎಷ್ಟು? ನನಗೆ ಲೆಕ್ಕ ಬರುತ್ತಿತ್ತು. ಆ ಲೆಕ್ಕದ ಕೊನೆಯಲ್ಲಿ ಹುಡುಗಿ ಇರುತ್ತಿರಲಿಲ್ಲ.

ರಜಕ್ಕೆ ಮುಂಚಿನ ಕೊನೆಯ ದಿನ ಸೋಮವಾರ ಬಿತ್ತು. ಅವತ್ತು ಅಜ್ಜಿಯೇ ಹುಡುಗಿಯ ಕೈ ಹಿಡಿದುಕೊಂಡು ಬಂದಳು. ಹುಡುಗಿಯ ಹಣೆತುಂಬ ಭಂಡಾರದ ಅರಿಶಿನ. ಬರುವ ಸೋಮವಾರ ಅಮಾಸೆ, ಅವತ್ತು ಕೂರಿಸುತ್ತೇವೆ, ಪುಸ್ತಕದಲ್ಲಿ ಹೆಸರು ಹೊಡೆದುಹಾಕಿ ಅಂತ ಹೆಡ್‌ಮೇಷ್ಟ್ರಿಗೆ ಹೇಳಿದಳು. ಅವರು ಅರ್ಜಿ ಬೇಕು, ತಂದೆಯ ರುಜು ಬೇಕು ಅಂತ ಶುರು ಮಾಡಿದರು. ಹುಡುಗಿಯ ಜೀವದ ಮಾತು ಆಡಲಿಲ್ಲ, ಅರ್ಜಿಯ ಮಾತು ಆಡಿದರು. ಆ ಮಾತಿನ ನಡುವೆಯೇ ಹುಡುಗಿ ಒಂದು ಸಲ ಕೂಗಿ ನನ್ನ ಕಾಲ ಬುಡದಲ್ಲಿ ಬಿದ್ದಳು.

ನಾನು ಮಗ್ಗುಲಿಗೆ ಹೊರಳಿಸಿ ನನ್ನ ಸೆರಗು ಮಡಿಸಿ ತಲೆಗೆ ಕೊಟ್ಟೆ. ಅಜ್ಜಿ ಕೈ ಮುಗಿದು ನಿಂತಳು. ಹೆಡ್‌ಮೇಷ್ಟ್ರು ಓಡಿಬಂದು ಗೊಂಚಲು ತೆಗೆದು ಮುಷ್ಟಿಗೆ ತುರುಕಿದರು.

ಆಗ ಹೊಳೆಯಿತು ನೋಡಿ. ಈ ಮನುಷ್ಯನ ಹತ್ತಿರ ಬೀಗದ ಕೈಗೆ ಬೇಡಿ ಬೇಡಿ ಮೂರು ವಾರವಾಯಿತು. ಒದ್ದಾಡುವ ಹುಡುಗಿಯ ಕೈಗೆ ತುರುಕಲು ಅದು ತಕ್ಷಣ ಸಿಗುತ್ತದೆ, ಒದ್ದಾಡದ ಹಾಗೆ ಮಾಡಲು ಸಿಗುವುದಿಲ್ಲ. ಒದ್ದಾಟ ನಿಂತು ಮುಷ್ಟಿ ಸಡಿಲವಾಯಿತು. ಅದರಿಂದ ಗೊಂಚಲು ಬಿಡಿಸಿಕೊಂಡೆ. ಎದ್ದು ಆಫೀಸು ರೂಮಿಗೆ ಹೋಗಿ ಬೀರು ತೆಗೆದೆ. ಸೀಸೆ ತೆಗೆದುಕೊಂಡೆ, ಹಾಳೆ ತೆಗೆದುಕೊಂಡೆ. ಹೆಡ್‌ಮೇಷ್ಟ್ರು ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದರು. ಮುಖ ಕೆಂಪಾಗಿತ್ತು. ಇದು ಕಳ್ಳತನ, ಮೇಲಿನವರಿಗೆ ಬರೆಯುತ್ತೇನೆ, ಕೆಲಸ ಹೋಗುತ್ತದೆ ಅಂದರು.

"ಬರ್ಕಳ್ರಿ ಸಾರ್" ಅಂದೆ. "ಆದ್ರೆ ಆ ಕೆಂಪು ಶಾಯಿಯಾಗೇ ಬರೀರಿ. ನಿಮ್ಗೆ ಅದೇ ಚೆಂದ ಬರ್ತೈತೆ."

ಅವರ ಪಕ್ಕದಿಂದ ದಾಟಿಕೊಂಡು ಹೊರಗೆ ಬಂದೆ. ಅಜ್ಜಿಯ ಮುಂದೆ ಹಾಳೆ ಹರಡಿದೆ. ಅವಳಿಗೂ ಓದು ಬರುತ್ತಿರಲಿಲ್ಲ, ಅದು ಅನುಕೂಲವಾಯಿತು.

"ಇದು ನೋಡಜ್ಜಿ. ಈ ಕೆಂಪು ಗೀಟು ಸ್ಕೂಲು ಇಲ್ಲದ ದಿನ, ಮಾತ್ರೆ ಇಲ್ಲದ ದಿನ. ಈ ಸೊನ್ನೆ ನಿಮ್ ಸಾಮಿ ಬಂದ ದಿನ. ಇದು ಗಣೇಶನ ಹಬ್ಬದ ವಾರ. ಇಲ್ಲಿ ಗುರುವಾರ ಸೊನ್ನೆ ಐತೆ. ನಿಮ್ ಸಾಮಿ ಗುರುವಾರ ಯಾಕೆ ಬಂದ?"

"ಗುರುವಾರ ಬಂದಿಲ್ಲ" ಅಂದಳು ಅಜ್ಜಿ.

"ಬಂದಿತ್ತು. ನಿನ್ನ ಬೇವಿನ ಸೊಪ್ಪಿಗೆ ಹೆದರಿ ಹುಡುಗಿ ಹೇಳಿಲ್ಲ. ಈ ಜಗಲಿ ಮೇಲೆ ಬಿದ್ದಿದ್ದು, ತೊಳೆದೋಳು ನಾನು. ಕೇಳು ಬೇಕಾದ್ರೆ, ಮೇಷ್ಟ್ರು ಅಲ್ಲೇ ನಿಂತವ್ರೆ. ನಿಮ್ ಸಾಮಿ ಸರ್ಕಾರದ ರಜ ನೋಡ್ಕಂಡು ಬರ್ತಾನೇನು?"

ಅಜ್ಜಿ ಹೆಡ್‌ಮೇಷ್ಟ್ರ ಕಡೆ ನೋಡಿದಳು. ಅವರಿಗೆ ಬೇರೆ ದಾರಿಯಿರಲಿಲ್ಲ, ಗುರುವಾರ ಬಂದದ್ದು ನಿಜ ಅಂದರು. ಅದೊಂದು ಮಾತನ್ನು ಅವರು ಆಡಿದರು, ಅದನ್ನು ಇಲ್ಲ ಅನ್ನುವುದಿಲ್ಲ.

ಅಜ್ಜಿ ಹಾಳೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಬೆರಳು ಹಾಳೆಗೆ ತಾಗಿಸದೆ, ಮೇಲೆ ಮೇಲೆಯೇ ಗೀಟಿನಿಂದ ಗೀಟಿಗೆ ಆಡಿಸಿದಳು. ಗೊಟ್ಟದಲ್ಲಿ ಕುರಿಗೆ ಔಷಧಿ ಹೊಯ್ಯುವಾಗ ನಡುವೆ ಒಂದು ದಿನ ಬಿಟ್ಟರೆ ಏನಾಗುತ್ತದೆ ಅಂತ ಕೇಳಿದೆ. ಉತ್ತರ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹುಡುಗಿ ಕಣ್ಣು ಬಿಟ್ಟು ಎದ್ದು ಕೂತಳು, ಎಲ್ಲಿದ್ದೇನೆ ಅಂತ ತಿಳಿಯದೆ ಎಲ್ಲರ ಮುಖ ನೋಡಿದಳು. ಹಣೆಯ ಭಂಡಾರ ನನ್ನ ಸೆರಗಿಗೆಲ್ಲ ಹತ್ತಿತ್ತು.

"ಈಗ ಮೂರು ವಾರ ರಜ ಅಂತೆ. ದಿನಾ ಎರಡು ಹೊತ್ತು ನೀನು ಬರ್ತೀಯೇನೇ?" ಅಂದಳು ಅಜ್ಜಿ.

"ಬರ್ತೀನಿ."

"ಬೇಲಿ ಒಳಗೆ ಮಾತ್ರ ತರಬ್ಯಾಡ. ಹರಕೆ ಹರಕೆನೇ. ಬರೋ ಸೋಮವಾರ ಅಮಾಸೆ. ಅವತ್ತು ಸಾಮಿ ಬಂದ್ರೆ ಹುಡುಗಿ ಸಾಮಿದು. ಬರ್ಲಿಲ್ಲ ಅಂದ್ರೆ, ಏನಾರ ಓದ್ಕಳ್ಳಿ."

ಅದು ಒಪ್ಪಿಗೆಯಲ್ಲ, ಪಂದ್ಯ. ಇರಲಿ ಅಂದೆ. ಹೆಡ್‌ಮೇಷ್ಟ್ರು ಸುಮ್ಮನೆ ಬಿಡಲಿಲ್ಲ. ಒಂದು ಕಾಗದದಲ್ಲಿ, ಮಾತ್ರೆಯ ಸೀಸೆ ಒಂದು, ಆಯಾ ವಶಕ್ಕೆ, ಮುಂದಿನ ಯಾವ ತೊಂದರೆಗೂ ಅವಳೇ ಹೊಣೆ ಅಂತ ಬರೆದು ರುಜು ಹಾಕಿಸಿಕೊ‍ಂಡರು. ನನ್ನ ಹೆಸರನ್ನು ಸೊಟ್ಟಸೊಟ್ಟಾಗಿ ಬರೆದೆ. ಅದನ್ನು ಮಡಿಸಿ, ಮಡಿಕೆಯ ಮೇಲೆ ಉಗುರು ಎಳೆದು, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಒಳಗೆ ಇನ್ನೇನೂ ಇರಲಿಲ್ಲ, ಆದರೂ ಬೀಗ ಹಾಕಿದರು.

ಮಾರನೆಯ ದಿನ ಬೆಳಗ್ಗೆ ಸ್ಕೂಲಿನ ಕಡೆ ತಿರುಗಿಯೂ ನೋಡಲಿಲ್ಲ. ಎಲೆಅಡಿಕೆ ಚೀಲದಲ್ಲಿ ಸೀಸೆ ಹಾಕಿಕೊಂಡೆ, ಹಾಳೆಯನ್ನು ಸುತ್ತಿ ಕಂಕುಳಲ್ಲಿ ಇರುಕಿಕೊಂಡೆ, ಒಂದು ಚೊಂಬು ನೀರು ಹಿಡಿದುಕೊಂಡು ಎರಡು ಮೈಲಿ ನಡೆದೆ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಸರಿಯಾಗಿ ಹಟ್ಟಿಯ ಬೇಲಿಯ ಹೊರಗೆ ನಿಂತಿದ್ದೆ. ಒಳಗೆ ಅಜ್ಜಿ ಕುರಿಮರಿಗಳನ್ನು ಬಿಡುತ್ತಿದ್ದಳು. ನನ್ನನ್ನು ಕಂಡು, ಕಾಣದವಳ ಹಾಗೆ ಬೆನ್ನು ತಿರುಗಿಸಿದಳು. ಹುಡುಗಿ ಓಡಿಬಂದು ಬೇಲಿ ದಾಟಿ ನನ್ನ ಮುಂದೆ ನಿಂತಳು. ಬಾಯಿ ತೆರಿ, ನಾಲಿಗೆ ಎತ್ತು, ಅಂದೆ. ಎತ್ತಿದಳು. ಅಲ್ಲೇ ಒಂದು ಕಲ್ಲಿನ ಮೇಲೆ ಹಾಳೆ ಹರಡಿ, ಮಂಗಳವಾರದ ಬೆಳಗಿನ ಮನೆಯಲ್ಲಿ, ಆ ಉದ್ದನೆಯ ಕೆಂಪು ಗೀಟಿನ ಮೇಲೆಯೇ, ಹಾಳೆ ಹರಿಯುವಷ್ಟು ಒತ್ತಿ ಪೆನ್ಸಿಲಿನ ಗೀಟು ಎಳೆದೆ. ಆಮೇಲೆ ಸಂಜೆಗೆ ಇಷ್ಟು ದೂರ ಮತ್ತೆ ನಡೆಯಬೇಕಲ್ಲ ಅಂತ ಹೆಡ್‌ಮೇಷ್ಟ್ರನ್ನೂ ಅಜ್ಜಿಯನ್ನೂ ನನ್ನನ್ನೂ ಸೇರಿಸಿ ಬೈದುಕೊಂಡು ಊರ ಕಡೆ ಹೊರಟೆ.